ಗೇರ್ ಬಾಕ್ಸ್ ಅಲ್ಲ, ಕಡ್ಡಿ

ನಮ್ಮ ಮನೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ಬಸ್ ಕಾಂಪ್ಲೆಕ್ಸ್ ಹತ್ತಿರವೇ ಇರುವುದರಿಂದ ಊರಿಂದ ಬರುವ ನೆಂಟರಿಗೆ ದಾರಿ ಹೇಳುವುದು ಮೊದಲಿಂದಲೂ ಸುಲಭ. ಮೂರು ವರ್ಷದಿಂದ ಇನ್ನೂ ಸುಲಭ. "ಹಳೇ ಫಿಯಟ್ ನಿಂತಿರೋ ಮನೆ" ಅಂದರೆ ಸಾಕು.

ಆ ಫಿಯಟ್ ಅಪ್ಪನದು. 1991ರ ಪ್ರೀಮಿಯರ್ ಪದ್ಮಿನಿ. ಅಮ್ಮ ಹೋದ ಮೇಲೆ ಶಿವಮೊಗ್ಗದ ಮನೆ ಬಾಡಿಗೆಗೆ ಕೊಟ್ಟು ನಮ್ಮಲ್ಲಿಗೆ ಬರುವಾಗ ಅವರು ಹಾಕಿದ್ದು ಒಂದೇ ಷರತ್ತು, ಕಾರೂ ಬರಬೇಕು. ಬಂತು. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ಮರುನೋಂದಣಿ ಮಾಡಿಸಬೇಕಲ್ಲ, ಎನ್‌ಒಸಿಗೆ ಓಡಾಡಿ ಅದನ್ನೂ ಮಾಡಿಸಿದೆ. ಕೆಎ 14 ಹೋಗಿ ಎಪಿ 39 ಆಯಿತು. ಹಳೇ ನಂಬರ್ ಪ್ಲೇಟ್ ಅಪ್ಪನ ಬೀರುವಿನಲ್ಲಿದೆ, ಪಂಚೆಗಳ ಕೆಳಗೆ.

ಚಿಕ್ಕವರಿಗೆ ಒಂದು ಮಾತು. ಇಟಲಿಯ ಫಿಯಟ್ 1100 ಕಾರೇ ಮುಂಬೈನ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಾಯಿತು. ಮುಂಬೈನ ಕಪ್ಪು ಹಳದಿ ಟ್ಯಾಕ್ಸಿ ಇದೇ. 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ರಸ್ತೆಯಿಂದ ವಿದಾಯ ಹೇಳಿತು. ಅದರ ಗೇರ್ ಇರುವುದು ಸ್ಟೇರಿಂಗ್ ಪಕ್ಕದಲ್ಲಿ. ನಮ್ಮ ಕಡೆ ಅದಕ್ಕೆ ಹ್ಯಾಂಡ್ ಗೇರ್ ಅನ್ನುತ್ತಾರೆ. ಗೇರ್ ಬಾಕ್ಸ್ ಮಾತ್ರ ಕೆಳಗೆ, ದೂರದಲ್ಲಿದೆ. ನಡುವೆ ಸುದ್ದಿ ಮುಟ್ಟಿಸುವುದು ಒಂದಷ್ಟು ಕಬ್ಬಿಣದ ಕಡ್ಡಿಗಳು, ಅವುಗಳ ಕೀಲುಗಳು, ಕೀಲಿನೊಳಗಿನ ಬುಶ್‌ಗಳು.

ಎರಡು ತಿಂಗಳ ಹಿಂದೆ ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಸಿಗಲಿಲ್ಲ. ಹಿಡಿ ಅಲುಗಾಡಿಸಿದೆ, ಎಳೆದೆ, ಗುದ್ದಿದೆ. ಹಿಂದೆ ಹಾರ್ನ್‌ಗಳ ಜಾತ್ರೆ. ಕೊನೆಗೆ ತಳ್ಳಿಸಿಕೊಂಡು ಪಕ್ಕಕ್ಕೆ ಬಂದೆ. ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟರು: "ಗೇರ್ ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು. ಪಾರ್ಟ್ಸ್ ಸಿಗಲ್ಲ. ಮಾರಿಬಿಡಿ." ಮುಂದಿನ ತಿಂಗಳು ಆರ್‌ಸಿ ನವೀಕರಣಕ್ಕೆ ಫಿಟ್‌ನೆಸ್ ತಪಾಸಣೆ ಬೇರೆ ಇತ್ತು.

ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಲಿಲ್ಲ. ಪಾರ್ಕಿಂಗ್ ಜಗಳ, ಮಳೆಗಾಲದ ಸೋರಿಕೆ, ಸಮುದ್ರದ ಗಾಳಿಗೆ ಹಿಡಿಯುವ ತುಕ್ಕು, ಎಲ್ಲಕ್ಕೂ ಒಂದು ಕೊನೆ ಸಿಕ್ಕಿತು ಅನ್ನಿಸಿತು. ನನಗೊಂದು ನೆಪ ಬೇಕಿತ್ತು. "ಮಾವನಿಗೆ ನೀವೇ ಹೇಳಿ ರೀ, ನನ್ನ ಕೈಲಾಗಲ್ಲ" ಅಂದಳು ಹೆಂಡತಿ.

ಹೇಳಿದೆ. ಅಪ್ಪ ಪೇಪರ್ ಮಡಚಿಟ್ಟು ಕೇಳಿದರು, "ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದ್ಯಾ?"

ನೋಡಿರಲಿಲ್ಲ. "ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ಬೀಳದಿದ್ರೆ ಕ್ಲಚ್ ಕಡೆ ನೋಡಬೇಕು. ಆಫ್ ಇದ್ದಾಗಲೂ ಸಿಗದಿದ್ರೆ ಮೊದಲು ಕಡ್ಡಿ ನೋಡಬೇಕು. ಗೇರ್ ಬಾಕ್ಸ್ ಬಿಚ್ಚೋದು ಕಟ್ಟಕಡೆಗೆ, ಮಾರಾಯ."

ಆಫ್ ಇದ್ದಾಗಲೂ ಸಿಗಲಿಲ್ಲ. ಭಾನುವಾರ ಗಾಜುವಾಕದಿಂದ ಒಬ್ಬ ಹಳೇ ಮೇಸ್ತ್ರಿ ಬಂದರು. ಅಪ್ಪ ಒಳಗೆ ಕೂತು ಹಿಡಿ ಮೇಲೆ ಕೆಳಗೆ ಮಾಡಿದರು, ಮೇಸ್ತ್ರಿ ಬಾನೆಟ್ ಎತ್ತಿ ಕಡ್ಡಿಗಳನ್ನೇ ನೋಡುತ್ತಾ ನಿಂತರು. ಹಿಡಿ ಅಲುಗುತ್ತಿತ್ತು, ಕಡ್ಡಿ ಸುಮ್ಮನಿತ್ತು. ಅರ್ಧ ದಾರಿ ಸವೆದ ಮೇಲೆ ಕಡ್ಡಿ ಹೊರಡುತ್ತಿತ್ತು.

"ಅರಿಗಿಪೋಯಿಂದಿ ಸಾರ್," ಅಂದರು ಮೇಸ್ತ್ರಿ.

"ಏನು ಅರಗಿತು? ನನಗಂತೂ ಬೆಳಗಿನ ಉಪ್ಪಿಟ್ಟೇ ಅರಗಿಲ್ಲ," ಅಂದರು ಅಪ್ಪ. ತೆಲುಗಿನಲ್ಲಿ ಊಟವೂ ಅರಗುತ್ತದೆ, ಕಬ್ಬಿಣವೂ ಅರಗುತ್ತದೆ. ಸವೆದಿದ್ದವು ಬುಶ್‌ಗಳು. ವಿಜಯವಾಡದ ಆಟೊನಗರದಲ್ಲಿ ಮೇಸ್ತ್ರಿಗೆ ಗೊತ್ತಿದ್ದ ಅಂಗಡಿಯಿಂದ ಬಸ್ ಪಾರ್ಸೆಲ್‌ನಲ್ಲಿ ಹೊಸವು ಬಂದವು.

ಆಮೇಲಿನ ಕೆಲಸ ಹೇಳಿದರೆ ಸಣ್ಣದು. ಮೊದಲು ಚಕ್ರಗಳಿಗೆ ಅಡ್ಡ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹೊಸ ಬುಶ್ ಹಾಕಿದರು. ಸವೆದ ಬುಶ್ ಇಟ್ಟುಕೊಂಡೇ ಕಡ್ಡಿ ಹೊಂದಿಸಿದರೆ ಒಂದು ಗೇರ್ ಸಿಕ್ಕಿ ಇನ್ನೊಂದು ಕಳೆದುಹೋಗುತ್ತದೆ. ನಂತರ ಗೇರ್ ಬಾಕ್ಸ್ ಪಕ್ಕದ ಲಿವರನ್ನು ನ್ಯೂಟ್ರಲ್‌ಗೆ ತಂದರು. ಸ್ಟೇರಿಂಗ್ ಪಕ್ಕದ ಹಿಡಿಯನ್ನೂ ನ್ಯೂಟ್ರಲ್‌ನಲ್ಲಿ ಅಲುಗದಂತೆ ಅಪ್ಪ ಹಿಡಿದು ಕೂತರು. ಎರಡೂ ಕಡೆ ನ್ಯೂಟ್ರಲ್ ಇದ್ದಾಗ ಕಡ್ಡಿಯ ತುದಿ ತನ್ನ ತೂತಿಗೆ ತಾನಾಗಿ ಬೀಳಬೇಕು. ಎಳೆದು ಕೂರಿಸಬೇಕಾದರೆ ಉದ್ದ ತಪ್ಪಾಗಿದೆ ಎಂದರ್ಥ. ತುದಿಯ ಥ್ರೆಡ್ ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ, ಸಲೀಸಾಗಿ ಕೂತ ಮೇಲೆ ಲಾಕ್ ನಟ್ ಬಿಗಿದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಪ್ಪನ ಕೈ ಅಲುಗಲಿಲ್ಲ. ಕಾಫಿ ಲೋಟ ಹಿಡಿದರೆ ನಡುಗುವ ಕೈ ಅದು.

ನಿಮ್ಮಲ್ಲಿ ಹೆಚ್ಚಿನವರ ಕಾರು ಆಟೊಮ್ಯಾಟಿಕ್ ಇರಬಹುದು. "ನಮಗ್ಯಾಕೆ ಈ ಪುರಾಣ" ಅನ್ನಬೇಡಿ. ಹಳೇ ಆಟೊಮ್ಯಾಟಿಕ್‌ಗಳಲ್ಲೂ ಲಿವರ್‌ನಿಂದ ಬಾಕ್ಸ್‌ಗೆ ಇಂಥದೇ ಕಡ್ಡಿ, ಇಲ್ಲವೇ ಕೇಬಲ್ ಇರುತ್ತದೆ. ಇಂದಿನ ಎಷ್ಟೋ ಕಾರುಗಳಲ್ಲೂ ಕೇಬಲ್ ಇದೆ. ಅದರ ಹೊಂದಾಣಿಕೆ ತಪ್ಪಿದರೆ ಲಿವರ್ 'ಪಿ' ತೋರಿಸುತ್ತಿರುತ್ತದೆ, ಬಾಕ್ಸ್ ಒಳಗೆ ಪಾರ್ಕಿಂಗ್ ಕೊಂಡಿ ಪೂರ್ತಿ ಬಿದ್ದಿರುವುದಿಲ್ಲ. ಇಳಿಜಾರಿನಲ್ಲಿ ಕಾರು ತಾನಾಗಿ ಹೊರಟರೆ ಗತಿಯೇನು? ಲಿವರ್ ಅಲುಗಾಡಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿದ್ದರೆ ತೋರಿಸಿಬಿಡಿ. 'ಪಿ' ಇದ್ದರೂ ಹ್ಯಾಂಡ್ ಬ್ರೇಕ್ ಹಾಕುವುದನ್ನು ಮರೆಯಬೇಡಿ.

ಫಿಟ್‌ನೆಸ್ ಪಾಸಾಯಿತು. ಮನೆಗೆ ಬಂದು ಆರ್‌ಸಿ ಇನ್ನು ಐದು ವರ್ಷ ಅಂದೆ. ಅಪ್ಪ ಮನಸ್ಸಲ್ಲೇ ಕೂಡಿದರು.

"ಆಗ ನನಗೆ 84. ಸಾಕು. ಆಮೇಲೆ ನಿನ್ನಿಷ್ಟ."

ಮಾರುವ ಮಾತನ್ನು ನಾನು ಗ್ಯಾರೇಜಿನವರ ಬಾಯಲ್ಲಿ ಹೇಳಿಸಿದ್ದೆ ಎಂಬುದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು ಅನ್ನಿಸುತ್ತದೆ. ಸಂಜೆ ಬೀಚ್ ರೋಡಿಗೆ ಕರೆದುಕೊಂಡು ಹೋದೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಸದ್ದಿಲ್ಲದೆ ಬಿತ್ತು. ಅಪ್ಪ ಸಮುದ್ರದ ಕಡೆ ನೋಡುತ್ತಿದ್ದರು, ಗಮನ ಮಾತ್ರ ನನ್ನ ಎಡಗೈ ಮೇಲಿತ್ತು.