ಕಾಯುವ ಹಾಳೆಯೇ ಕೆಡಿಸೀತು!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಅನೇಕ ಮನೆಗಳಲ್ಲಿ ಒಂದು ರೂಢಿಯಿದೆ. ಪೇಟೆಯಿಂದ ತಂದ ಹೊಸ ವಸ್ತುವಿನ ಮೇಲೆ ಅಂಟಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಹಿರಿಯರು ಬಿಡುವುದಿಲ್ಲ. ಟೀವಿಯ ರಿಮೋಟು, ಮಿಕ್ಸರಿನ ಮುಖ, ಫ್ರಿಜ್ಜಿನ ಹಿಡಿಕೆ, ಮಕ್ಕಳ ವಿಡಿಯೋ ಗೇಮು ಎಲ್ಲಕ್ಕೂ ಇದೇ ನಿಯಮ. “ಇರಲಿ ಬಿಡು, ಧೂಳು ಕೂಡ್ತದ” ಎಂಬುದು ಅವರ ಉತ್ತರ. ಎರೆಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಗಾಳಿ ಎದ್ದರೆ ಧೂಳು ಹೊಗದ ಮೂಲೆಯೇ ಇಲ್ಲ. ಆದ್ದರಿಂದ ಆ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ಆದರೆ ಆ ಹಾಳೆಯನ್ನು ಮಾಡಿರುವುದು ಕಾರ್ಖಾನೆಯಿಂದ ಮನೆ ಮುಟ್ಟುವ ತನಕದ ದಾರಿಗಾಗಿ. ವರ್ಷಗಟ್ಟಲೆ ಇರಲೆಂದು ಅಲ್ಲ.

ಟೀವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮುಗಳನ್ನೇ ನೋಡಿ. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಕೈಗುಂಡಿ ಪೆಟ್ಟಿಗೆಯ, ಅಂದರೆ ಕಂಟ್ರೋಲರಿನ, ಎಡಭಾಗದಲ್ಲಿ ಅಧಿಕ ಚಿಹ್ನೆಯ ಆಕಾರದ ಗುಂಡಿಯಿತ್ತು. ಇದನ್ನು ರೂಪಿಸಿದವರು ಅದೇ ಕಂಪನಿಯ ಗುನ್‌ಪೇ ಯೊಕೊಯಿ. ಅದು ಮೊದಲು 1982ರಲ್ಲಿ ಒಂದು ಅಂಗೈ ಆಟಿಕೆಯಲ್ಲಿ ಬಂದಿತ್ತು. ಫ್ಯಾಮಿಕಾಮ್‌ನ ಅನುಕರಣೆಗಳು 1990ರ ದಶಕದಲ್ಲಿ ನಮ್ಮ ದೇಶದ ಮನೆಗಳಿಗೂ ಬಂದವು. ಅಂದು ಆಡಿದವರು ಇಂದು ತಂದೆತಾಯಿಯರಾಗಿದ್ದಾರೆ. ಅಟ್ಟದ ಪೆಟ್ಟಿಗೆಯಿಂದ ಅಂಥದೊಂದು ಕಂಟ್ರೋಲರು ಹಾಳೆಯ ಸಮೇತ ಹೊರಬಂದರೆ, ಮಕ್ಕಳ ಮೊದಲ ಕೆಲಸ ಉಗುರು ಹಾಕಿ ಹಾಳೆಯನ್ನು ಜಗ್ಗುವುದು. ಹಾಳೆ ಚೂರುಚೂರಾಗುತ್ತದೆ, ಅಂಟು ಉಳಿಯುತ್ತದೆ. ಕೆಲವೊಮ್ಮೆ ಕೆಳಗಿನ ಅಕ್ಷರಗಳೂ ಕಿತ್ತು ಬರುತ್ತವೆ. ಅಂಟನ್ನು ಒರೆಸಬಹುದು, ಹೋದ ಅಕ್ಷರ ಮರಳಿ ಬಾರದು.

ಹೊಸದರಲ್ಲಿ ಸಲೀಸಾಗಿ ಬರುತ್ತಿದ್ದ ಹಾಳೆ ಹಳೆಯದಾದಾಗ ಏಕೆ ಹೀಗೆ ಹಟ ಹಿಡಿಯುತ್ತದೆ?

ಈ ಹಾಳೆಯ ಅಂಟು ಗೋಂದಿನಂತೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಅದು ಅರೆ ಘನ, ಅರೆ ದ್ರವ. ಇಂಥ ವಸ್ತುವಿನ ಸ್ವಭಾವವನ್ನು ತಿಳಿಯಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ನೆರವಾಗುತ್ತದೆ. ಅಲ್ಲಿನ ಪ್ರೊಫೆಸರ್ ಥಾಮಸ್ ಪಾರ್ನೆಲ್ 1927ರಲ್ಲಿ ಡಾಂಬರಿನಂಥ ಕಪ್ಪು ರಾಳವನ್ನು ಗಾಜಿನ ಆಲಿಕೆಯೊಂದರಲ್ಲಿ ತುಂಬಿಸಿದರು. ಸುತ್ತಿಗೆಯಿಂದ ಹೊಡೆದರೆ ಆ ರಾಳ ಗಾಜಿನಂತೆ ಒಡೆಯುತ್ತದೆ. ಸುಮ್ಮನೆ ಬಿಟ್ಟರೆ ಹರಿಯುತ್ತದೆ. 1930ರಲ್ಲಿ ಆಲಿಕೆಯ ತುದಿಯನ್ನು ಕತ್ತರಿಸಿದ ಮೇಲೆ 2014ರವರೆಗೆ ಬಿದ್ದದ್ದು 9 ಹನಿ ಮಾತ್ರ!

ಹಾಳೆಯ ಅಂಟೂ ಹೀಗೆಯೇ ಹರಿಯುತ್ತದೆ, ಆದರೆ ಬೇಗ. ಕಣ್ಣಿಗೆ ನುಣುಪಾಗಿ ಕಾಣುವ ಪ್ಲಾಸ್ಟಿಕ್ಕಿನಲ್ಲಿಯೂ ಅತಿ ಸಣ್ಣ ತಗ್ಗುಗಳಿರುತ್ತವೆ. ಅಂಟು ಮೆಲ್ಲಗೆ ಆ ತಗ್ಗುಗಳಿಗೆ ಇಳಿಯುತ್ತದೆ. ಮುಟ್ಟುವ ಜಾಗ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ತಗಡಿನ ಮಾಳಿಗೆಯ ಕೆಳಗೆ, ಈ ಕೆಲಸ ಚುರುಕಾಗಿ ನಡೆಯುತ್ತದೆ. ಇತ್ತ ಬಿಸಿಲು ಮತ್ತು ಆಮ್ಲಜನಕದಿಂದ ಹಾಳೆ ತಾನೇ ಪೆಡಸಾಗುತ್ತದೆ. ಅಂಟು ಬಲಿತಿದೆ, ಹಾಳೆ ಬಲ ಕಳೆದುಕೊಂಡಿದೆ. ಹಾಗಾಗಿ ಜಗ್ಗಿದಾಗ ಹರಿಯುವುದು ಹಾಳೆಯೇ.

ಕಾರಣ ತಿಳಿದರೆ ಉಪಾಯವೂ ಹೊಳೆಯುತ್ತದೆ. ಮೊದಲು ಕಂಟ್ರೋಲರಿನ ವೈರನ್ನು ಯಂತ್ರದಿಂದ ಬಿಚ್ಚಿ. ರಿಮೋಟಾದರೆ ಬ್ಯಾಟರಿ ತೆಗೆಯಿರಿ. ಕೀಳಬೇಕಾದದ್ದು ಹಾಳೆಯೇ ಹೌದೋ ಎಂದು ಖಚಿತ ಮಾಡಿಕೊಳ್ಳಿ. ಅಕ್ಷರ ಅಚ್ಚಾದ ಮುಖಪಟ್ಟಿಯನ್ನೇ ಹಾಳೆಯೆಂದು ಬಗೆದು ಕಿತ್ತವರುಂಟು. ಪಾರದರ್ಶಕವಾಗಿದ್ದು, ಅಂಚಿನಲ್ಲಿ ಗುಳ್ಳೆ ಎದ್ದು, ಅಕ್ಷರಗಳು ಅದರ ಕೆಳಗೆ ಕಂಡರೆ ಅದು ಹಾಳೆ. ಅನುಮಾನವಿದ್ದರೆ ಕೈ ಹಚ್ಚಬೇಡಿ.

ನಂತರ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಹಾಳೆಯ ಮೇಲೆ ಒಂದೆರಡು ನಿಮಿಷ ಇಡಿ. ಕೈಗೆ ಹಿತವಾಗಿ ತಾಗುವಷ್ಟು ಬಿಸಿ ಸಾಕು. ಇಸ್ತ್ರಿಪೆಟ್ಟಿಗೆ ಬೇಡವೇ ಬೇಡ. ಇಂಥ ಪೆಟ್ಟಿಗೆಗಳನ್ನು ಹೆಚ್ಚಾಗಿ ಮಾಡುವ ‘ಎಬಿಎಸ್’ ಪ್ಲಾಸ್ಟಿಕ್ಕು 100 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಮೂಲೆಯನ್ನು ಬೆರಳಿನಿಂದ ಎಬ್ಬಿಸಿ, ಹಾಳೆಯನ್ನು ಅದರ ಮೈಮೇಲೆಯೇ ಹಿಂದಕ್ಕೆ ಮಡಚಿ, ನಿಧಾನವಾಗಿ ಎಳೆಯಿರಿ. ಹಟಾತ್ತನೆ ಜಗ್ಗಿದರೆ ಅಂಟು ಸುತ್ತಿಗೆಯ ಏಟು ತಿಂದ ರಾಳದಂತೆ ಗಟ್ಟಿಯಾಗಿ ವರ್ತಿಸುತ್ತದೆ. ಆ ಬಲವೆಲ್ಲ ಅಕ್ಷರಗಳ ಮೇಲೆ ಬೀಳುತ್ತದೆ. ನಿಧಾನಿಸಿದರೆ ಅಂಟಿಗೆ ಹರಿಯಲು ವೇಳೆ ಸಿಗುತ್ತದೆ. ಆಗ ಸ್ವಲ್ಪ ಅಂಟು ಉಳಿಯಬಹುದು, ಚಿಂತೆಯಿಲ್ಲ.

ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಮೃದುವಾದ ಬಟ್ಟೆಯಿಂದ ಒರೆಸಿ, ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಜಿಡ್ಡು ತೆಗೆಯಿರಿ. ನೀರು ಗುಂಡಿಗಳ ಸಂದಿಗೆ ಇಳಿಯಬಾರದು. ಉಗುರುಬಣ್ಣ ತೆಗೆಯುವ ದ್ರವವನ್ನು ದೂರವಿಡಿ. ಅದರಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಅಂಟಿನ ಜೊತೆಗೆ ಎಬಿಎಸ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಪೆಟ್ರೋಲು, ಥಿನ್ನರುಗಳಿಂದ ಪ್ಲಾಸ್ಟಿಕ್ಕಿಗೂ ಕೇಡು, ಮನೆಗೂ ಬೆಂಕಿಯ ಭಯ.

ನಿಂಬೆಹಣ್ಣು ಉಜ್ಜಿದರೆ ಆದೀತೇ ಎಂದು ಕೆಲವರು ಕೇಳಬಹುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿಯ ನಿಂಬೆ ಮನೆಮನೆಯಲ್ಲೂ ಉಂಟಲ್ಲ! ಆದರೆ ನಿಂಬೆಯ ರಸ ಇಲ್ಲಿ ಉಪಯೋಗಕ್ಕೆ ಬಾರದು. ಅದು ನೀರಿನಲ್ಲಿ ಕರಗಿದ ಆಮ್ಲ. ಅಂಟು ನೀರಿನ ಗೆಳೆಯನಲ್ಲ. ಕೆಲಸ ಮಾಡುವುದು ಸಿಪ್ಪೆಯ ಎಣ್ಣೆ. ಅದರಲ್ಲಿರುವ ‘ಲಿಮೋನೀನ್’ ಅಂಟನ್ನು ಕರಗಿಸುತ್ತದೆ. ಇದರ ಶಕ್ತಿಯನ್ನು ಮಕ್ಕಳು ಮನೆಯಲ್ಲಿಯೇ ನೋಡಬಹುದು. ಊದಿದ ರಬ್ಬರ್ ಬಲೂನಿನ ಬಳಿ ತಾಜಾ ಸಿಪ್ಪೆಯನ್ನು ಮಡಚಿ ಹಿಂಡಿ. ಎಣ್ಣೆಯ ತುಂತುರು ಬಿದ್ದರೆ ಬಲೂನು ಒಡೆಯಬಹುದು. ಕಣ್ಣಿಗೆ ಸಿಡಿಯದಂತೆ ದೂರ ಹಿಡಿಯಿರಿ, ಒಲೆಯ ಹತ್ತಿರ ಮಾಡಬೇಡಿ. ಇದೇ ಎಣ್ಣೆ ಥರ್ಮಾಕೋಲನ್ನೂ ಕರಗಿಸುತ್ತದೆ. ಥರ್ಮಾಕೋಲು ಸ್ಟೈರೀನಿನಿಂದ ಆದದ್ದು; ಎಬಿಎಸ್‌ನ ಕೊನೆಯ ಅಕ್ಷರವೂ ಸ್ಟೈರೀನೇ. ಆದ್ದರಿಂದ ಬೆಲೆಬಾಳುವ ಹಳೆಯ ಕಂಟ್ರೋಲರಿಗೆ ಸಿಪ್ಪೆಯ ಎಣ್ಣೆ ಸಲ್ಲದು. ಕೊಬ್ಬರಿ ಎಣ್ಣೆಯೇ ಲೇಸು.

ಅಕ್ಷರಗಳು ಹಾಳೆಯೊಂದಿಗೆ ಮೇಲೇಳುತ್ತಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಅರ್ಧ ಹಾಳೆ ಉಳಿದ ಕಂಟ್ರೋಲರಿನಿಂದಲೂ ಆಡಬಹುದು.

ಇನ್ನು ಪಾಲಕರಿಗೊಂದು ಮಾತು. ಹೊಸ ವಸ್ತು ಮನೆಗೆ ಬಂದ ವಾರದಲ್ಲಿಯೇ, ಅಂಟು ಇನ್ನೂ ಎಳೆಯದಿರುವಾಗ, ಮಕ್ಕಳ ಕೈಯಿಂದಲೇ ಹಾಳೆ ತೆಗೆಸಿರಿ. ಧೂಳಿಗೆ ಹಳೆಯ ಧೋತರದ ತುಂಡೊಂದನ್ನು ಹೊದಿಸಿದರೆ ಸಾಕು. ಅದನ್ನು ಒಗೆಯಬಹುದು, ಬದಲಿಸಬಹುದು. ಅದು ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ.