ಓದುಗರಿಲ್ಲ ಅನ್ನೋ ಮೊದಲು ಬಸ್ ಹತ್ತಿ

‘ಕನ್ನಡದಲ್ಲಿ ಓದುಗರೇ ಇಲ್ಲ ಗುರೂ!’ ಸ್ವಂತ ದುಡ್ಡಲ್ಲಿ ಕಾದಂಬರಿ ಅಚ್ಚು ಹಾಕಿಸಿದವರೆಲ್ಲ ಆರು ತಿಂಗಳಿಗೆ ಹಾಡೋ ರಾಗ ಇದು. ನಾನೂ ಹಾಡಿದ್ದೆ. 500 ಪ್ರತಿ, ಬೆಂಗಳೂರಲ್ಲಿ ಬಿಡುಗಡೆ, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು. ಲೈಕು ಸಾವಿರ ಬಂತು; 300 ಪುಸ್ತಕ ಮಂಚದ ಕೆಳಗೇ ಉಳಿದವು.

ಕಥೆ ನಡೆಯೋದು ಹೊಸದುರ್ಗದಲ್ಲಿ. ಅಲ್ಲಿನ ಒಂದು ಅಂಗಡೀಲೂ ನನ್ನ ಪುಸ್ತಕ ಇರಲಿಲ್ಲ! ಅದೇ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಟಕ ಹೊತ್ತು ಊರೂರು ತಿರುಗ್ತಿದೆ. ಪ್ರೇಕ್ಷಕರಿಲ್ಲ ಅಂತ ಗೊಣಗುತ್ತಾ ಕೂತಿಲ್ಲ. ನೂರು ವರ್ಷದ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ತು ಮಾರಿದರು. ನಮಗೆ ಮಾತ್ರ ಚೀಲ ಹಿಡಿಯೋಕೆ ನಾಚಿಕೆ.

ಕೊನೆಗೆ ನಾನೂ ಹಿಡಿದೆ. ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ: ಎರಡು ಶನಿವಾರಕ್ಕೆ 40 ಪ್ರತಿ ಖರ್ಚಾದವು. ಹೊಳಲ್ಕೆರೆಯಲ್ಲಿ ಮೇಷ್ಟ್ರೊಬ್ಬರು ಕೇಳಿದರು: ‘ಬರೆದಿದ್ದೀರಿ ಅಂತ ಗೊತ್ತಾದ್ರೆ ತಾನೇ ಸ್ವಾಮಿ ಕೊಳ್ಳೋದು?’

ಉತ್ತರ ಇರಲಿಲ್ಲ. ನಿಮ್ಮ ಹತ್ರ ಇದೆಯಾ? ಇಲ್ಲ ಅಂದ್ರೆ ಓದುಗರನ್ನ ಬಯ್ಯೋದು ಬಿಡಿ. ಈ ಶನಿವಾರ ನಾನು ಹೊಸದುರ್ಗದ ಬಸ್ ಹತ್ತುತೀನಿ; ನಿಮ್ಮ ಕಥೆಯ ಊರಿಗೂ ಬಸ್ ಇರುತ್ತೆ.