ಮಳೆಯ ಲೆಕ್ಕವೂ ಬಣ್ಣದ ಕೋಷ್ಟಕವೂ

ಒಂದೊಂದು ಮಳೆಗೂ ಒಂದೊಂದು ಗಾದೆಯನ್ನು ಕಟ್ಟಿಟ್ಟುಕೊಂಡಿರುವ ನಮ್ಮ ಒಕ್ಕಲಿಗರಿಗೆ ಮಳೆಯ ಲೆಕ್ಕವೆಂಬುದು ಹೊಸ ವಿದ್ಯೆಯಲ್ಲ. ಆದರೆ ಆ ಲೆಕ್ಕವು ಹಿರಿಯರ ನೆನಪಿನಲ್ಲಿರುವಷ್ಟು ಚೆನ್ನಾಗಿ ಕಾಗದದ ಮೇಲೆ ಉಪಯೋಗಕ್ಕೆ ಬರುತ್ತಿಲ್ಲ. ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳು ಏರ್ಪಟ್ಟಿದ್ದು, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಅವುಗಳ ಅಂಕಿಗಳನ್ನು ಸಂಗ್ರಹಿಸುತ್ತಿದೆ. 20 ವರ್ಷಗಳ ದಿನವಹಿ ಲೆಕ್ಕವೆಂದರೆ ಸುಮಾರು 7,300 ಅಂಕಿಗಳಾದುವು. ಇಷ್ಟನ್ನು ಓದಿ ತಾತ್ಪರ್ಯವನ್ನು ಗ್ರಹಿಸುವುದು ಎಂತಹ ಜಾಣನಿಗೂ ಸಾಧ್ಯವಲ್ಲ. ಆದುದರಿಂದ ಇದನ್ನು ಬಣ್ಣದ ಕೋಷ್ಟಕವಾಗಿ, ಎಂದರೆ ಹೀಟ್‌ಮ್ಯಾಪ್ ಆಗಿ, ಮಾರ್ಪಡಿಸುವ ಕ್ರಮವನ್ನು ಪ್ರತಿಯೊಂದು ಗ್ರಾಮವೂ ಕಲಿತುಕೊಳ್ಳಬೇಕೆಂಬುದೂ, ಅದರ ಬಣ್ಣದ ಅಳತೆಯನ್ನು ಗ್ರಾಮದವರೇ ತಿಳಿದು ನಿಶ್ಚಯಿಸಬೇಕೆಂಬುದೂ ನಮ್ಮ ಅಭಿಪ್ರಾಯ.

ಈ ಪದ್ಧತಿಯು ಗಣಕಯಂತ್ರಕ್ಕಿಂತ ಹಳೆಯದು. 1873ರಲ್ಲಿಯೇ ತೂಸ್ಯಾಂ ಲೂವಾ ಎಂಬಾತನು ಪ್ಯಾರಿಸ್ ನಗರದ 20 ವಿಭಾಗಗಳ ಜನಸ್ಥಿತಿಯನ್ನು ಮನೆಮನೆಯಾಗಿ ಗೆರೆ ಎಳೆದ ಒಂದು ಕೋಷ್ಟಕದಲ್ಲಿ ಛಾಯೆಗಳ ಮೂಲಕ ತೋರಿಸಿದ್ದನು. ಅಂಕಿಯು ಹೆಚ್ಚಾದಂತೆ ಬಣ್ಣವು ಗಾಢವಾಗುತ್ತದೆ, ಕಡಮೆಯಾದಂತೆ ತಿಳಿಯಾಗುತ್ತದೆ, ತತ್ತ್ವವು ಇಷ್ಟೇ. ಅಡ್ಡಸಾಲಿಗೊಂದು ವರ್ಷ, ಕಂಬಸಾಲಿಗೊಂದು ಮಳೆಯಂತೆ ಇಟ್ಟರೆ, ಭರಣಿಯಿಂದ ವಿಶಾಖದವರೆಗಿನ 15 ಮಳೆಗಳೂ 20 ವರ್ಷಗಳೂ ಸೇರಿ 300 ಮನೆಗಳ ಒಂದು ಪಟವಾಗಿ, ಒಂದೇ ನೋಟಕ್ಕೆ ದೊರೆಯುತ್ತವೆ.

ಇದರ ಪ್ರಯೋಜನಕ್ಕೆ 2023ನೆಯ ವರ್ಷವೇ ಸಾಕ್ಷಿ. ಆ ವರ್ಷ ನಮ್ಮ ರಾಜ್ಯದಲ್ಲಿ ಜೂನ್ ತಿಂಗಳು ಕೊರತೆಯಾಗಿ, ಜುಲೈ ವಾಡಿಕೆಗಿಂತ ಹೆಚ್ಚಾಗಿ ಸುರಿದು, ಆಗಸ್ಟ್ ತಿಂಗಳು ಬಹುಮಟ್ಟಿಗೆ ಬರಿದಾಗಿ ಹೋಯಿತು. ಕೊನೆಗೆ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಜೂನ್ ಜುಲೈಗಳನ್ನು ಮಾತ್ರ ಕೂಡಿ ನೋಡಿದವನಿಗೆ ಒಂದರ ಕೊರತೆಯನ್ನು ಮತ್ತೊಂದು ಮುಚ್ಚಿದಂತೆ ಕಾಣುತ್ತಿತ್ತು. ಪೈರಿಗಾದರೋ ಮೊತ್ತದ ಹಂಗಿಲ್ಲ; ಬೇಕಾದಾಗ ಬೀಳದ ಮಳೆಯನ್ನು ಬೇಡವಾದಾಗ ಬಿದ್ದ ಮಳೆಯು ತುಂಬಿಕೊಡಲಾರದು. ಪುನರ್ವಸು, ಪುಷ್ಯ, ಆಶ್ಲೇಷಗಳನ್ನು ನಂಬಿ ರಾಗಿ ಬಿತ್ತುವ ಸೀಮೆಯಲ್ಲಿ ಆ ಮೂರು ಮನೆಗಳ ಬಣ್ಣವೇ ವರ್ಷದ ಹಣೆಬರಹ. ಉತ್ತರ, ಹಸ್ತಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಕರಿಯ ಭೂಮಿಯವರು ಬೇರೆ ಮನೆಗಳನ್ನು ನೋಡತಕ್ಕದ್ದು.

ಇನ್ನು ಮಾಡುವ ಕ್ರಮ. ಪೈಥಾನ್ ಎಂಬ ಗಣಕಭಾಷೆಯೂ, ಅದರಲ್ಲಿ ಬಳಸುವ ಪ್ಯಾಂಡಾಸ್, ಸೀಬಾರ್ನ್, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಉಪಕರಣಗಳೂ ಹಣವಿಲ್ಲದೆ ದೊರೆಯುತ್ತವೆ. ತಾರೀಖು, ಮಳೆ ಎಂಬ ಎರಡು ಕಲಮುಗಳ ಪಟ್ಟಿಯನ್ನು ಯಂತ್ರಕ್ಕೆ ಓದಿಸಬೇಕು. ಪಂಚಾಂಗವನ್ನು ನೋಡಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರ ಎಂಬಂತೆ ಪ್ರತಿ ತಾರೀಖಿಗೂ ಮಳೆಯ ಹೆಸರನ್ನು ಸೇರಿಸಬೇಕು. ಬಳಿಕ ಪಿವಟ್ ಟೇಬಲ್ ಎಂಬ ಆಜ್ಞೆಯಿಂದ ವರ್ಷಗಳನ್ನು ಅಡ್ಡಸಾಲಾಗಿಯೂ ಮಳೆಗಳನ್ನು ಕಂಬಸಾಲಾಗಿಯೂ ಜೋಡಿಸಿ ಮೊತ್ತ ಮಾಡಿಸಬೇಕು. ಆ ಕೋಷ್ಟಕವನ್ನು ಸೀಬಾರ್ನಿನ ಹೀಟ್‌ಮ್ಯಾಪ್ ಎಂಬ ಆಜ್ಞೆಗೆ ಒಪ್ಪಿಸಿದರೆ ಪಟವು ಸಿದ್ಧವಾಗುತ್ತದೆ. ಕಾಲೇಜಿನಲ್ಲಿ ಓದುತ್ತಿರುವ ಹಳ್ಳಿಯ ಹುಡುಗನೋ ಹುಡುಗಿಯೋ ಇದನ್ನು ಕೆಲವು ದಿನಗಳಲ್ಲಿ ಕಲಿತುಕೊಳ್ಳಬಹುದು.

ಆದರೆ ಪಟವು ಸಿದ್ಧವಾದ ಮಾತ್ರಕ್ಕೆ ಅದು ಸತ್ಯವೆಂದು ಭಾವಿಸಬಾರದು. ಯಂತ್ರವು ತನ್ನ ರೂಢಿಯಂತೆ ನಡೆಯುತ್ತದೆಯೇ ಹೊರತು ನಮ್ಮ ಹೊಲವನ್ನು ಬಲ್ಲದಲ್ಲ. ಮುಖ್ಯವಾಗಿ ನಾಲ್ಕು ವಿಷಯಗಳನ್ನು ಪರಿಶೀಲಿಸತಕ್ಕದ್ದು.

ಮೊದಲನೆಯದು, ಸಾಲುಗಳ ಅನುಕ್ರಮ. ಪಿವಟ್ ಟೇಬಲ್ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲಿಸುತ್ತದೆ. ಹಾಗಾದಲ್ಲಿ ಆರಿದ್ರದ ಬಳಿಕ ಆಶ್ಲೇಷವೂ, ಆಮೇಲೆ ಉತ್ತರವೂ, ಅದರ ಬಳಿಕ ಕೃತ್ತಿಕೆಯೂ ಬಂದು ಕಾಲಗತಿಯೇ ತಲೆಕೆಳಗಾಗುತ್ತದೆ. ರೀಇಂಡೆಕ್ಸ್ ಎಂಬ ಆಜ್ಞೆಯಿಂದ ಸರಿಯಾದ ಕ್ರಮವನ್ನು ನಾವೇ ಬರೆದುಕೊಡಬೇಕು. ಕನ್ನಡದ ಹೆಸರುಗಳು ಮೂಡುವುದಕ್ಕೆ ಕನ್ನಡದ ಅಕ್ಷರಶೈಲಿಯನ್ನೂ ಗೊತ್ತುಮಾಡಬೇಕು. ಇಲ್ಲವಾದರೆ ಅಕ್ಷರಗಳ ಬದಲು ಬರಿಯ ಚೌಕಗಳು ಕಾಣುತ್ತವೆ. ಒತ್ತಕ್ಷರಗಳು ಸ್ಥಾನ ತಪ್ಪುವುದೂ ಉಂಟಾದ್ದರಿಂದ ಅಚ್ಚಿಗೆ ಮುಂಚೆ ಒಮ್ಮೆ ಓದಿ ನೋಡತಕ್ಕದ್ದು.

ಎರಡನೆಯದು, ಬಿಟ್ಟುಹೋದ ದಿನಗಳು. ಮಾಪಕವು ಕೆಟ್ಟು ಅಂಕಿಯೇ ಇಲ್ಲದ ದಿನಗಳನ್ನು ಕೂಡಿದರೆ ಪ್ಯಾಂಡಾಸ್ ಮೊತ್ತವನ್ನು ಸೊನ್ನೆಯೆಂದು ಕೊಡುತ್ತದೆ. ಮಳೆ ಬಾರದಿರುವುದು ಬೇರೆ, ಮಳೆಯನ್ನು ಅಳೆಯದಿರುವುದು ಬೇರೆ. ಚೆನ್ನಾಗಿ ಸುರಿದ ಮಳೆಯು ಪಟದಲ್ಲಿ ಬರವಾಗಿ ಕಂಡರೆ, ನಿಜವಾದ ಬರ ಬಂದಾಗ ಆ ಗ್ರಾಮದ ಲೆಕ್ಕವನ್ನು ಯಾರೂ ನಂಬಲಾರರು. ಮೊತ್ತ ಮಾಡುವಾಗ ಮಿನ್‌ಕೌಂಟ್ ಎಂಬ ನಿಬಂಧನೆಯಿಂದ, ಇಷ್ಟು ದಿನಗಳ ಅಂಕಿಯಿದ್ದರೆ ಮಾತ್ರ ಕೂಡತಕ್ಕದ್ದೆಂದು ವಿಧಿಸಬಹುದು. ಆಗ ಅಪೂರ್ಣವಾದ ಮನೆಯನ್ನು ಸೀಬಾರ್ನ್ ಬಣ್ಣವಿಲ್ಲದೆ ಖಾಲಿ ಬಿಡುತ್ತದೆ. ಆ ಖಾಲಿ ಮನೆಯು ನಾಚಿಕೆಯ ವಿಷಯವಲ್ಲ, ಪ್ರಾಮಾಣಿಕತೆಯ ಗುರುತು.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ಬಣ್ಣದ ಅಳತೆ. ನಾವು ಬೇರೆ ಹೇಳದಿದ್ದರೆ ಯಂತ್ರವು ಕೋಷ್ಟಕದ ಅತಿ ಚಿಕ್ಕ ಅಂಕಿಯಿಂದ ಅತಿ ದೊಡ್ಡ ಅಂಕಿಯವರೆಗೆ ಬಣ್ಣವನ್ನು ಹರಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಆಗುಂಬೆಯನ್ನೂ, 500ರ ಆಚೆ ಈಚೆ ಬೀಳುವ ಚಳ್ಳಕೆರೆಯನ್ನೂ ಒಂದೇ ಪಟದಲ್ಲಿ ಕೂಡಿಸಿದರೆ, ಚಳ್ಳಕೆರೆಯ ಸುಭಿಕ್ಷದ ವರ್ಷಕ್ಕೂ ದುರ್ಭಿಕ್ಷದ ವರ್ಷಕ್ಕೂ ಬಣ್ಣದಲ್ಲಿ ಭೇದವೇ ತೋರದು. ಒಂದೇ ಊರಿನಲ್ಲಿಯೂ ಒಂದು ಕುಂಭದ್ರೋಣ ಮಳೆಯು ಮಿಕ್ಕ ಮನೆಗಳನ್ನೆಲ್ಲ ಮಸುಕುಗೊಳಿಸಬಲ್ಲುದು. ಆದುದರಿಂದ ಬಿದ್ದ ಮಳೆಯ ಬದಲು ವಾಡಿಕೆ ಮಳೆಯಿಂದ ಆದ ಶೇಕಡಾವಾರು ವ್ಯತ್ಯಾಸಕ್ಕೆ ಬಣ್ಣ ಹಾಕಿಸುವುದು ಲೇಸು. ಸೆಂಟರ್ ಎಂಬ ನಿಬಂಧನೆಯಿಂದ ಸೊನ್ನೆಯನ್ನು ಮಧ್ಯವಾಗಿಯೂ, ವಿಮಿನ್ ಮತ್ತು ವಿಮ್ಯಾಕ್ಸ್‌ಗಳಿಂದ ಋಣ 100, ಧನ 100 ಎಂಬ ಎಲ್ಲೆಗಳನ್ನೂ ಸ್ಥಿರಪಡಿಸಬೇಕು. ಭಾರತ ಹವಾಮಾನ ಇಲಾಖೆಯು ವಾಡಿಕೆಗಿಂತ ಶೇಕಡ 19ರವರೆಗಿನ ಹೆಚ್ಚು ಕಡಮೆಯನ್ನು ಸಾಧಾರಣವೆಂದೂ, 20ರಿಂದ 59ರವರೆಗೆ ಕಡಮೆಯಾದರೆ ಕೊರತೆಯೆಂದೂ, 60 ಮತ್ತು ಮೇಲ್ಪಟ್ಟರೆ ತೀವ್ರ ಕೊರತೆಯೆಂದೂ ಎಣಿಸುತ್ತದೆ. ಬಣ್ಣದ ಮೆಟ್ಟಿಲುಗಳನ್ನು ಇದೇ ಮಿತಿಗಳಿಗೆ ಹೊಂದಿಸಿದರೆ ಅಧಿಕಾರಿಗಳ ಸಂಗಡ ಮಾತನಾಡುವಾಗ ಇಬ್ಬರ ಭಾಷೆಯೂ ಒಂದಾಗುತ್ತದೆ. ಗ್ರಾಮದ ಮಾಪಕಕ್ಕೆ 30 ವರ್ಷ ತುಂಬಿಲ್ಲದಿದ್ದರೆ ತಾಲ್ಲೂಕಿನ ವಾಡಿಕೆಯನ್ನು ಹಿಡಿದು, ಹಾಗೆ ಹಿಡಿದುದನ್ನು ಪಟದ ಕೆಳಗೆ ಬರೆಯತಕ್ಕದ್ದು.

ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ವಾಡಿಕೆಯೇ 5 ಮಿಲಿಮೀಟರ್ ಇರುವ ಅವಧಿಯಲ್ಲಿ 10 ಬಿದ್ದರೆ ಶೇಕಡ 100 ಅಧಿಕವೆಂದು ಬಣ್ಣವು ಸಾರುತ್ತದೆ. ನೆಲವಾದರೋ ನೆನೆದಿರುವುದೇ ಇಲ್ಲ. ಆದುದರಿಂದ ಬಣ್ಣವು ವ್ಯತ್ಯಾಸವನ್ನು ತೋರಲಿ, ಮನೆಯೊಳಗಿನ ಅಂಕಿಯು ಮಿಲಿಮೀಟರನ್ನು ಹೇಳಲಿ. ಆನಾಟ್ ಎಂಬ ನಿಬಂಧನೆಗೆ ಮಳೆಯ ಕೋಷ್ಟಕವನ್ನೇ ಕೊಟ್ಟರೆ ಇವೆರಡೂ ಒಂದೇ ಪಟದಲ್ಲಿ ಕೂಡುತ್ತವೆ.

ನಾಲ್ಕನೆಯದು, ಬಣ್ಣಗಳ ಆಯ್ಕೆ. ಕೆಂಪು ಹಸಿರುಗಳ ಭೇದವನ್ನು ಕಾಣಲಾರದ ಕಣ್ಣುಗಳು, ವಿಶೇಷವಾಗಿ ಗಂಡಸರಲ್ಲಿ, ಅಪರೂಪವಲ್ಲ. ಕೊರತೆಗೆ ಕಂದು, ಅಧಿಕಕ್ಕೆ ನೀಲಿ, ನಡುವೆ ಬಿಳುಪು ಎಂದು ಸಿಮ್ಯಾಪ್ ನಿಬಂಧನೆಯಿಂದ ಆರಿಸಿಕೊಂಡರೆ ಅಂತಹವರಿಗೂ ಓದಲು ಬರುತ್ತದೆ. ಬಣ್ಣದ ಕೀಲಿಪಟ್ಟಿಯಿಲ್ಲದ ಪಟವನ್ನು ಯಾರೇ ತಂದರೂ ಒಪ್ಪಬಾರದು.

ಇದೆಲ್ಲ ಇಲಾಖೆಯವರ ಕೆಲಸ, ನಮಗೇಕೆ ಎಂದು ಕೆಲವರು ಕೇಳಬಹುದು. ತಾಲ್ಲೂಕಿನ ಸರಾಸರಿಯಲ್ಲಿ ಒಂದು ಗ್ರಾಮದ ಬರವು ಅಡಗಿಹೋಗುವುದುಂಟು. ನೆರೆಯ ಹೋಬಳಿಗೆ ಮಳೆ ಸುರಿದು ನಮ್ಮ ಹೋಬಳಿಯು ಒಣಗಿದಾಗ, ಬಾಯಿಮಾತಿನ ದೂರಿಗಿಂತ ಗ್ರಾಮದ ಸ್ವಂತ ಪಟವು ಹೆಚ್ಚು ಬೆಲೆಯುಳ್ಳದು. ಮಾಡಿದವನ ಅಭಿಪ್ರಾಯವು ಬಣ್ಣದಲ್ಲಿ ಅಡಗಿರುತ್ತದೆಯಾದ್ದರಿಂದ, ಮಾಡುವ ಕ್ರಮವನ್ನು ಬಲ್ಲವನು ಮಾತ್ರವೇ ಇತರರು ತಂದ ಪಟವನ್ನು ಪ್ರಶ್ನಿಸಬಲ್ಲನು.

ಆದಕಾರಣ ಗ್ರಾಮದ ಮುಖ್ಯಸ್ಥರು ಮುಂಗಾರು ತೊಡಗುವುದಕ್ಕೆ ಮುಂಚೆಯೇ ತಮ್ಮ ಪಂಚಾಯಿತಿಯ ದಿನವಹಿ ಮಳೆಯ ಲೆಕ್ಕವನ್ನು ತರಿಸಿಕೊಂಡು, ಓದುಬಲ್ಲ ತರುಣರೊಬ್ಬರಿಗೆ ಈ ಕಾರ್ಯವನ್ನು ವಹಿಸಬೇಕು. ಜಮೀನುದಾರರು ತಮ್ಮ ತಮ್ಮ ಬಿತ್ತನೆಯ ತಾರೀಖುಗಳನ್ನೂ ಇಳುವರಿಯನ್ನೂ ಅದರ ಪಕ್ಕದಲ್ಲಿ ಬರೆಯಿಸಿದರೆ ಇನ್ನೂ ಉತ್ತಮ. ಪಟವನ್ನು ಚಾವಡಿಯ ಗೋಡೆಗೆ ಅಂಟಿಸಿ, ಯಾವ ಮಳೆಯನ್ನು ನಂಬಿ ಯಾವ ಬೀಜವನ್ನು ತರಿಸಬೇಕೆಂಬುದನ್ನು ಹತ್ತು ಜನರು ಅದರ ಮುಂದೆ ನಿಂತು ವಿಚಾರಮಾಡಲಿ. ಅಲ್ಲಿ ಹಿರಿಯರ ನೆನಪೂ ಯಂತ್ರದ ಲೆಕ್ಕವೂ ಒಂದಕ್ಕೊಂದು ತಾಳೆಯಾದರೆ ಧೈರ್ಯವಾಗಿ ಬಿತ್ತಬಹುದು. ತಾಳೆಯಾಗದಿದ್ದರೆ ಲೆಕ್ಕವನ್ನು ಮತ್ತೊಮ್ಮೆ ತೆರೆದು ನೋಡತಕ್ಕದ್ದು.